ಕಾಲಿನ ನರದ ಚಿಕಿತ್ಸೆ ಜಿಲ್ಲಾಸ್ಪತ್ರೆಗೂ ಬರಲಿ

ಮಾನ್ಯ ಸಂಪಾದಕರೇ,

ಮಿದುಳು, ಬೆನ್ನುಹುರಿಯ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಎಂದಷ್ಟೇ ಬಹಳ ಮಂದಿ ತಿಳಿದಿದ್ದಾರೆ. ಒಂಬತ್ತು ವರ್ಷಗಳಿಂದ ಈ ಕಾಯಿಲೆಯಿರುವ ನನ್ನನ್ನು ಹಣ್ಣು ಮಾಡಿದ್ದು ಮೂತ್ರದ ಅವಸರ. ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟು ಓಡಬೇಕು. ಓಡಲು ಕಾಲು ಒಪ್ಪುವುದಿಲ್ಲ. ವೈದ್ಯರು ನಡಿಗೆ ನೋಡಿದರು, ದೃಷ್ಟಿ ಪರೀಕ್ಷಿಸಿದರು. ಮೂತ್ರದ ವಿಷಯ ಅವರು ಕೇಳಲಿಲ್ಲ, ನಾಚಿಕೆಯಿಂದ ನಾನೂ ಹೇಳಲಿಲ್ಲ. ಹೀಗೇ ನಾಲ್ಕು ವರ್ಷ ಕಳೆಯಿತು.

ಕಡೆಗೆ ಕೇಳಿದವರು ಬೆಂಗಳೂರಿನ ವೈದ್ಯೆಯೊಬ್ಬರು. ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಮೊದಲು ಮಾತ್ರೆ ಕೊಟ್ಟರು. ಬಾಯಿ ಒಣಗಿ ಪಾಠ ಹೇಳುವುದೇ ಕಷ್ಟವಾಯಿತು. ಆಮೇಲೆ ನರ ಪ್ರಚೋದನೆಯ ಚಿಕಿತ್ಸೆ ಶುರುವಾಯಿತು: ಕಾಲಿನ ಹರಡಿನ (ಪಾದದ ಗಂಟಿನ) ಒಳಬದಿಯ ಮೂಳೆಯಿಂದ ಮೂರು ಬೆರಳು ಮೇಲೆ ಕೂದಲೆಳೆಯಂಥ ಸೂಜಿ ಚುಚ್ಚಿ, ಅರ್ಧ ಗಂಟೆ ಸಣ್ಣಗೆ ವಿದ್ಯುತ್ ಹರಿಸುತ್ತಾರೆ. ಕಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಂಡರೆ ಸೂಜಿ ನರದ ಹತ್ತಿರವಿದೆ ಎಂದರ್ಥ. ಕಾಲಿಗೂ ಮೂತ್ರಕೋಶಕ್ಕೂ ಏನು ಸಂಬಂಧವೆಂದು ಕೇಳಿದೆ. ಅಲ್ಲಿ ಹಾದುಹೋಗುವ ಟಿಬಿಯಲ್ ನರವೂ ಮೂತ್ರಕೋಶದ ನರಗಳೂ ಬೆನ್ನುಹುರಿಯ ಕೆಳಭಾಗದಲ್ಲಿ ಒಂದೇ ಕಡೆ ಸೇರುತ್ತವಂತೆ.

ರಾತ್ರಿ ಐದಾರು ಸಲ ಏಳುತ್ತಿದ್ದವಳು ಈಗ ಎರಡು ಸಲ ಏಳುತ್ತೇನೆ. ಕಾಯಿಲೆ ಹೋಗಿಲ್ಲ, ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದೂ ಇಲ್ಲ. ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಆದರೆ ಆ ನಿದ್ದೆಯ ಬೆಲೆ ನನಗೆ ಗೊತ್ತು.

ವಾರಕ್ಕೊಮ್ಮೆಯಂತೆ 12 ವಾರ ಈ ಚಿಕಿತ್ಸೆ ಪಡೆಯಬೇಕು. ಪ್ರತಿ ವಾರ ಶಿವಮೊಗ್ಗದಿಂದ ಸುಮಾರು 300 ಕಿ.ಮೀ. ಬಸ್ಸಿನಲ್ಲಿ ಹೋಗಲು ಹಿಂದಿನ ಸಂಜೆಯಿಂದಲೇ ನೀರು ಬಿಡುತ್ತಿದ್ದೆ. ಸೂಜಿಯಿಲ್ಲದೆ, ಚರ್ಮಕ್ಕೆ ಪ್ಯಾಡ್ ಅಂಟಿಸಿಯೂ ಇದೇ ನರವನ್ನು ಪ್ರಚೋದಿಸಬಹುದು. ಸೊಂಟನೋವಿಗೆ ಫಿಸಿಯೊಥೆರಪಿಯಲ್ಲಿ ಬಳಸುವ ಟೆನ್ಸ್ ಯಂತ್ರವೇ ಅದಕ್ಕೂ ಆಗುತ್ತದೆ. ಜಿಲ್ಲಾಸ್ಪತ್ರೆಗಳ ಫಿಸಿಯೊಥೆರಪಿಸ್ಟ್‌ಗಳಿಗೆ ಆರೋಗ್ಯ ಇಲಾಖೆ ಇದರ ತರಬೇತಿ ಕೊಡಿಸಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ನಮ್ಮ ಕಾಯಿಲೆಯ ಹೆಸರಿದೆ. ನಾನು ಕೇಳುತ್ತಿರುವುದು ದಾನವಲ್ಲ.

ವೈದ್ಯರಲ್ಲಿ ಇನ್ನೊಂದು ವಿನಂತಿ. ರೋಗಿಯ ಜೊತೆ ಬಂದವರನ್ನು ಒಂದು ನಿಮಿಷ ಹೊರಗೆ ಕಳುಹಿಸಿ, ಮೂತ್ರದ ತೊಂದರೆಯಿದೆಯೇ, ಮಲಬದ್ಧತೆಯಿದೆಯೇ ಎಂದು ನೀವೇ ಕೇಳಿ. ಆ ನಾಲ್ಕು ವರ್ಷವೂ ನನ್ನನ್ನು ಆಸ್ಪತ್ರೆಗೆ ಕರೆತರುತ್ತಿದ್ದವರು ಮಾವನವರು. ಅವರು ಪಕ್ಕದ ಕುರ್ಚಿಯಲ್ಲಿ ಕುಳಿತಿರುವಾಗ ನಾನು ಬಾಯಿ ಬಿಡುವುದಾದರೂ ಹೇಗಿತ್ತು?

— ಒಬ್ಬ ಶಿಕ್ಷಕಿ, ಶಿವಮೊಗ್ಗ