ನಮ್ಮ ಗುಳ್ಳೆಯೊಳಗಿಂದ ಒಂದು ಕಾಗದ

ವೆಲಿಂಗ್ಟನ್, ನ್ಯೂಜಿಲೆಂಡ್
21 ಏಪ್ರಿಲ್ 2020, ಮಂಗಳವಾರ

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಅಮ್ಮ ಅಳುತ್ತಾಳೆ, ನಾನೂ ಅಳುತ್ತೇನೆ, ಅಪ್ಪ "ಆಯ್ತು ಆಯ್ತು, ಹುಷಾರು" ಅಂತ ಇಟ್ಟುಬಿಡುತ್ತಾರೆ. ಹೇಳಬೇಕಾದ್ದು ಒಂದೂ ಹೇಳಿದ ಹಾಗಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿಯ ಮೊಬೈಲಿಗೆ ಕಳಿಸುತ್ತೇನೆ, ಅವಳು ಗಟ್ಟಿಯಾಗಿ ಓದಲಿ. ನಡುವೆ ಅಮ್ಮನಿಗೆ ಸಿಟ್ಟು ಬರುವ ವಿಷಯ ಒಂದಿದೆ. ಪುಟ್ಟಿ, ಅದನ್ನು ನುಂಗಿಕೊಂಡು ಮುಂದೆ ಹೋಗಬೇಡ, ಅದನ್ನೂ ಓದು.

ಈ ಕೊರೊನಾ ಕಾಯಿಲೆಗೆ ನಿಮ್ಮಲ್ಲಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ. ಇಲ್ಲೂ ಅದೇ ದಿನ, ರಾತ್ರಿ 11:59ಕ್ಕೆ. ವ್ಯತ್ಯಾಸ ಏನಪ್ಪಾ ಅಂದರೆ ನಿಮಗೆ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ಮುಚ್ಚಿದರು, ನಮಗೆ ಎರಡು ದಿನ ಕೊಟ್ಟರು. ಆ ಎರಡು ದಿನದಲ್ಲೇ ಜನ ಊರಿಗೆ ಹೋಗುವವರು ಹೋದರು, ಬರುವವರು ಬಂದರು. 25ರ ಸಂಜೆ ಆರೂವರೆಗೆ ನಮ್ಮ ಮನೆಯ ನಾಲ್ಕೂ ಜನರ ಫೋನು ಒಟ್ಟಿಗೆ ಸೈರನ್ ಥರ ಕಿರುಚಿಕೊಂಡವು. ಸರ್ಕಾರದ ಮೆಸೇಜು. ಇವತ್ತು ರಾತ್ರಿ ಎಲ್ಲಿರುತ್ತೀರೋ ಇನ್ನು ಮೇಲೆ ಅಲ್ಲೇ ಇರಬೇಕು ಅಂತ. ಜೊತೆಗಿರುವ ಕೇರಳದ ಹುಡುಗಿ ಕೈಯಲ್ಲಿದ್ದ ಲೋಟ ಬೀಳಿಸಿ ಒಡೆದಳು.

ಇಲ್ಲಿ ಎಲ್ಲರ ಬಾಯಲ್ಲೂ ಈಗ ಒಂದೇ ಮಾತು, ಬಬಲ್. ಸೋಪಿನ ಗುಳ್ಳೆ ಇರುತ್ತಲ್ಲ, ಅದೇ. ಒಂದು ಮನೆಯಲ್ಲಿ ಇರುವವರೆಲ್ಲ ಒಂದು ಗುಳ್ಳೆ, ಆ ಗುಳ್ಳೆ ಇನ್ನೊಂದಕ್ಕೆ ತಾಗಬಾರದು. ನಮ್ಮ ಗುಳ್ಳೆಯಲ್ಲಿ ನಾಲ್ಕು ಜನ. ನಾನು, ಕೇರಳದವಳು, ಚಿಲಿ ದೇಶದ ಗಂಡ ಹೆಂಡತಿ. ಜಗಳ ಆಡಿದರೂ ಇವರ ಜೊತೆಯಲ್ಲೇ ಆಡಬೇಕು, ಬೇರೆ ಗತಿಯಿಲ್ಲ. ಸಾಮಾನು ತರಲು, ಔಷಧಿ ತರಲು, ಮನೆ ಹತ್ತಿರ ನಡೆದಾಡಲು ಹೊರಗೆ ಹೋಗಬಹುದು, ಎರಡು ಮೀಟರ್ ಅಂತರ ಬಿಟ್ಟು. ಸಮುದ್ರಕ್ಕೆ ಇಳಿಯಬಾರದು, ಕಾಡುಗುಡ್ಡ ಹತ್ತಬಾರದು. ಮೊದಲು ನನಗೆ ಅರ್ಥವಾಗಲಿಲ್ಲ, ಸಮುದ್ರದಲ್ಲಿ ಯಾರಿಗೆ ತಾನೇ ಅಂಟುತ್ತದೆ? ಆಮೇಲೆ ಗೊತ್ತಾಯಿತು, ನೀನು ಮುಳುಗಿದರೆ, ಕಾಲು ಮುರಿದುಕೊಂಡರೆ ನಿನ್ನನ್ನು ಎತ್ತಿಕೊಂಡು ಬರಲು ಹತ್ತು ಜನ ತಮ್ಮ ಗುಳ್ಳೆ ಬಿಟ್ಟು ಬರಬೇಕಲ್ಲ, ಅದಕ್ಕೆ. ಕಾರಣ ಹೇಳಿದರೆ ನಿಯಮ ಪಾಲಿಸುವುದು ಸುಲಭ ಅಲ್ವಾ? ಬರೀ "ಹೋಗಬೇಡ" ಅಂದರೆ ಅಪ್ಪನ ಥರ ಎಲ್ಲರೂ ಹೋಗಿಯೇ ಹೋಗುತ್ತಾರೆ.

ದಿನಾ ಮಧ್ಯಾಹ್ನ ಒಂದು ಗಂಟೆಗೆ ಟಿವಿಯಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥ ಆಶ್ಲೀ ಬ್ಲೂಮ್‌ಫೀಲ್ಡ್ ಬರುತ್ತಾರೆ. ಬಹಳ ದಿನ ಪಕ್ಕದಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್ ಕೂಡ. ಇವತ್ತು ಎಷ್ಟು ಜನಕ್ಕೆ ಬಂತು, ಎಷ್ಟು ಜನ ಆಸ್ಪತ್ರೆಯಲ್ಲಿದ್ದಾರೆ, ಎಷ್ಟು ಟೆಸ್ಟ್ ಆಯಿತು, ಎಲ್ಲ ಹೇಳುತ್ತಾರೆ. ಕೂಗಾಟ ಇಲ್ಲ, ಹಿಂದೆ ಡಂ ಡಂ ಮ್ಯೂಸಿಕ್ ಇಲ್ಲ. ನಾವು ತಟ್ಟೆ ಹಿಡಿದು ಅದರ ಮುಂದೆ ಕೂರುತ್ತೇವೆ. ಹಾಗಂತ ಇಲ್ಲಿನವರೆಲ್ಲ ಸಾಚಾ ಅಂದುಕೊಳ್ಳಬೇಡಿ. ಆರೋಗ್ಯ ಮಂತ್ರಿಯೇ ಲಾಕ್‌ಡೌನ್ ಮಧ್ಯೆ ಸಂಸಾರ ಕರೆದುಕೊಂಡು 20 ಕಿಲೋಮೀಟರ್ ದೂರದ ಬೀಚಿಗೆ ಹೋಗಿಬಂದರು! ಬೇರೆ ಹೊತ್ತಾಗಿದ್ದರೆ ತೆಗೆದುಹಾಕುತ್ತಿದ್ದೆ ಅಂತ ಪ್ರಧಾನಿ ನೇರವಾಗೇ ಹೇಳಿ, ಅವರನ್ನು ಮಂತ್ರಿಗಳ ಸಾಲಿನಲ್ಲಿ ಕಟ್ಟಕಡೆಗೆ ಇಳಿಸಿದರು. ಅದೇ ಪ್ರಧಾನಿ ಈಸ್ಟರ್‌ಗೆ ಮುಂಚೆ, ಮಕ್ಕಳಿಗೆ ಮೊಟ್ಟೆ ತಂದಿಡುತ್ತದೆ ಅನ್ನುವ ಈಸ್ಟರ್ ಮೊಲವೂ ಬಿದ್ದ ಹಲ್ಲಿಗೆ ಕಾಸು ಇಡುತ್ತಾಳೆ ಅನ್ನುವ ಹಲ್ಲಿನ ಕಿನ್ನರಿಯೂ ಅಗತ್ಯ ಸೇವೆಯವರೇ, ಆದರೆ ಈ ಸಲ ಎಲ್ಲರ ಮನೆಗೂ ಬರಲು ಆಗದೇ ಇರಬಹುದು ಅಂತ ಮಕ್ಕಳಿಗೆ ಹೇಳಿದರು. ನಮ್ಮ ರಸ್ತೆಯ ಕಿಟಕಿಗಳಲ್ಲೆಲ್ಲ ಟೆಡ್ಡಿ ಕರಡಿಗಳು ಕೂತಿವೆ, ವಾಕಿಂಗ್ ಬರುವ ಮಕ್ಕಳು ಎಣಿಸಲಿ ಅಂತ. ನಮ್ಮಲ್ಲಿ ಕರಡಿ ಇಲ್ಲ. ಪುಟ್ಟಿ ಕೊಟ್ಟ ಬಟ್ಟೆಯ ಆನೆ ಇಟ್ಟಿದ್ದೇನೆ.

ಈಗ ಸಿಟ್ಟಿನ ವಿಷಯ. ಅಮ್ಮ, ಕಾಲೇಜು ಆನ್‌ಲೈನ್ ಆಗಿದೆ, ಮನೆಯಲ್ಲೇ ಇದ್ದೇನೆ ಅಂದಿದ್ದೆನಲ್ಲ, ಅರ್ಧ ಸುಳ್ಳು. ಸೂಪರ್‌ಮಾರ್ಕೆಟ್ ಕೆಲಸ ಬಿಟ್ಟಿಲ್ಲ. ಸ್ಟೂಡೆಂಟ್ ವೀಸಾದವರು ವಾರಕ್ಕೆ 20 ಗಂಟೆ ಮಾತ್ರ ದುಡಿಯಬೇಕು ಅಂತ ಇತ್ತು, ಸೂಪರ್‌ಮಾರ್ಕೆಟಿನವರಿಗೆ ಈಗ ಜಾಸ್ತಿ ಮಾಡಲು ಬಿಟ್ಟಿದ್ದಾರೆ, ಮಾಡುತ್ತಿದ್ದೇನೆ. ಒಂದು ಮನೆಯಿಂದ ಒಬ್ಬರೇ ಬರಬೇಕು, ಬಾಗಿಲಲ್ಲಿ ಎಣಿಸಿ ಬಿಡುತ್ತಾರೆ, ನೆಲಕ್ಕೆ ಟೇಪು ಅಂಟಿಸಿದ್ದಾರೆ, ನನ್ನ ಮುಂದೆ ಪ್ಲಾಸ್ಟಿಕ್ ಪರದೆ ಇದೆ. ಮಾಸ್ಕ್ ಎಲ್ಲರೂ ಹಾಕಲೇಬೇಕು ಅಂತ ಇಲ್ಲಿ ಇನ್ನೂ ಹೇಳಿಲ್ಲ. ನಾನು ಹಾಕುತ್ತೇನೆ, ನಿನ್ನ ಮುಖ ನೆನಪಾಗುತ್ತದೆ ಅದಕ್ಕೆ. ಜನ ಮೊದಲ ವಾರ ಟಾಯ್ಲೆಟ್ ಪೇಪರ್‌ಗೆ ಮುಗಿಬಿದ್ದರು, ಆಮೇಲೆ ಮೈದಾಹಿಟ್ಟಿಗೆ. ಮನೆಯಲ್ಲಿ ಕೂತು ಎಲ್ಲರೂ ಬ್ರೆಡ್ ಸುಡಲು ಹೊರಟರೆ ಇನ್ನೇನಾಗುತ್ತದೆ.

ಇನ್ನೂ ಇದೆ, ಅಮ್ಮ. ಹೋದ ವಾರ ನನಗೆ ಗಂಟಲು ನೋವು, ಒಣಕೆಮ್ಮು ಬಂತು. ಇಲ್ಲಿ ಕೆಮ್ಮು ಬಂದರೆ ಸೀದಾ ಡಾಕ್ಟರ್ ಹತ್ತಿರ ಹೋಗುವ ಹಾಗಿಲ್ಲ, ಮೊದಲು ಫೋನ್ ಮಾಡಬೇಕು. ಹೆಲ್ತ್‌ಲೈನ್ ಅಂತ ಇದೆ, ದುಡ್ಡಿಲ್ಲದ ನಂಬರು, ರಾತ್ರಿ ಎರಡಕ್ಕೆ ಮಾಡಿದರೂ ಎತ್ತುತ್ತಾರೆ, ಇಂಗ್ಲಿಷ್ ಬಾರದವರಿಗೆ ದುಭಾಷಿ ಕೂಡ ಕೊಡುತ್ತಾರೆ. ಬಹಳ ಹೊತ್ತು ಕಾದೆ. ಒಬ್ಬ ನರ್ಸ್ ಎಲ್ಲ ಕೇಳಿಕೊಂಡು ಟೆಸ್ಟ್ ಮಾಡಿಸು ಅಂದರು. ಒಂದು ಪಾರ್ಕಿಂಗ್ ಜಾಗದಲ್ಲಿ ಟೆಂಟ್ ಹಾಕಿದ್ದರು, ಮೈತುಂಬ ಗೌನು ಹಾಕಿದವರು ಮೂಗಿನೊಳಗೆ ಕಡ್ಡಿ ತೂರಿಸಿದರು, ಅದು ಮೂಗಲ್ಲಿ ನಿಂತ ಹಾಗಾಗಲಿಲ್ಲ, ಸೀದಾ ತಲೆಗೇ ಹೋದ ಹಾಗಾಯಿತು. ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ. ಈ ಕಾಯಿಲೆಯ ಮಟ್ಟಿಗೆ ವೀಸಾ ಯಾವುದು ಅಂತ ನೋಡುವುದಿಲ್ಲ, ಟೆಸ್ಟೂ ಚಿಕಿತ್ಸೆಯೂ ಸರ್ಕಾರದ ಖರ್ಚು. ದುಡ್ಡಿನ ಭಯಕ್ಕೆ ಯಾರೂ ಬಚ್ಚಿಟ್ಟುಕೊಳ್ಳಬಾರದು ಅಂತ. ರಿಸಲ್ಟ್ ಬರುವ ತನಕ ರೂಮಿನ ಬಾಗಿಲು ಹಾಕಿಕೊಂಡಿದ್ದೆ. ಚಿಲಿಯವಳು ಮೂರು ಹೊತ್ತೂ ಬಾಗಿಲ ಮುಂದೆ ತಟ್ಟೆ ಇಟ್ಟು, ಎರಡು ಸಲ ಬಡಿದು ಓಡಿಹೋಗುತ್ತಿದ್ದಳು. ಎರಡನೇ ದಿನ ನೆಗೆಟಿವ್ ಅಂತ ಬಂತು. ಇಷ್ಟೇ, ಬಚ್ಚಿಟ್ಟದ್ದು ಇನ್ನೇನೂ ಇಲ್ಲ. ಬೈಯಬೇಕಾದರೆ ಈಗ ಓದುವುದು ನಿಲ್ಲಿಸಿ ಬೈದು ಮುಗಿಸಿ.

ಕೇರಳದವಳು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ತನ್ನಿಂದ ಅಲ್ಲಿನವರಿಗೆ ಅಂಟಿದರೆ ಅನ್ನುವ ಭಯಕ್ಕೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. 1737 ಅಂತ ಒಂದು ನಂಬರಿದೆ, ಕರೆ ಮಾಡಿದರೂ ಮೆಸೇಜ್ ಮಾಡಿದರೂ ಕೌನ್ಸೆಲರ್ ಮಾತಾಡುತ್ತಾರೆ, ಅದೂ ಫ್ರೀ. "ನನಗೇನು ಹುಚ್ಚಾ" ಅಂತ ನಾಲ್ಕು ದಿನ ಮುಂದೂಡಿ, ಕೊನೆಗೆ ಬಾತ್‌ರೂಮಿನಲ್ಲಿ ಕೂತು ಮೆಸೇಜ್ ಮಾಡಿದಳು. ಈಗ ಪರವಾಗಿಲ್ಲ.

ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನ ಕೆಲವು ಕಡೆ ತಮ್ಮ ಊರಿಗೆ ಬರುವ ರಸ್ತೆಯಲ್ಲಿ ತಾವೇ ನಿಂತು ಬರುವವರನ್ನು ವಿಚಾರಿಸುತ್ತಿದ್ದಾರೆ. ಕೆಲವರಿಗೆ ಇದು ಅತಿ ಅನ್ನಿಸಿದೆ. ನನಗೆ ಅನ್ನಿಸಿಲ್ಲ. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಈ ದೇಶದಲ್ಲಿ ಸುಮಾರು 9,000 ಜನ ಸತ್ತರಂತೆ, ಅದರಲ್ಲಿ ಮಾವೊರಿಗಳ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತೀರಾ ಜಾಸ್ತಿ. ಅವರಿಗೆ ಅದು ಪುಸ್ತಕದ ವಿಷಯ ಅಲ್ಲ, ಮನೆಯಲ್ಲಿ ಅಜ್ಜಿಯರು ಹೇಳಿದ ವಿಷಯ. ಅದೇ ಜನ ತಮ್ಮ ಹಿರಿಯರ ಮನೆಮನೆಗೆ ದಿನಸಿಯನ್ನೂ ಮುಟ್ಟಿಸುತ್ತಿದ್ದಾರೆ.

ಈಗ ನಮ್ಮ ಪಕ್ಕದ ಮನೆ ತಾತನ ವಿಷಯ. ಇದನ್ನು ಅಪ್ಪ ಕೇಳಿಸಿಕೊಳ್ಳಬೇಕು.

ನಮ್ಮ ಮನೆ ಗುಡ್ಡದ ಮೇಲೆ, ರಸ್ತೆಯಿಂದ 52 ಮೆಟ್ಟಿಲು. ತಾತನ ಮನೆಗೂ ಅವೇ ಮೆಟ್ಟಿಲು. 78 ವರ್ಷ, ಒಂಟಿ, ಜೊತೆಗೊಂದು ಬೆಕ್ಕು. 70 ದಾಟಿದವರು ಮನೆಯಲ್ಲೇ ಇರಿ ಅಂತ ಸರ್ಕಾರ ಮಾರ್ಚ್ 21ಕ್ಕೇ ಹೇಳಿತ್ತು. ವಯಸ್ಸಾದವರಿಗೆ ಸಾಮಾನು ತಂದುಕೊಡಲು ಇಲ್ಲಿ ಸ್ಟೂಡೆಂಟ್ ವಾಲಂಟಿಯರ್ ಆರ್ಮಿ ಅಂತ ಇದೆ, 2010ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆದಾಗ ಮಣ್ಣು ಎತ್ತಲು ಸೇರಿದ ಕಾಲೇಜು ಹುಡುಗರಿಂದ ಶುರುವಾದದ್ದು. ಅವರೂ ಬೇಡ, ಯಾರೂ ಬೇಡ ಅಂದರು ತಾತ. ನಾವು ನಮ್ಮ ಫೋನ್ ನಂಬರ್ ಬರೆದು ಅವರ ಅಂಚೆಪೆಟ್ಟಿಗೆಗೆ ಚೀಟಿ ಹಾಕಿದೆವು. ಒಂದು ವಾರ ಸುದ್ದಿಯಿಲ್ಲ. ಬೆಳಿಗ್ಗೆ ಆ ಮೆಟ್ಟಿಲಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡು ಇಳಿಯುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಮೂಲೆಯ ಡೈರಿಗೆ ಹೋಗಲು. (ಇಲ್ಲಿ ಡೈರಿ ಅಂದರೆ ಹಾಲಿನ ಡೈರಿ ಅಲ್ಲ, ನಮ್ಮ ಚಿಲ್ಲರೆ ಅಂಗಡಿ ಇದ್ದ ಹಾಗೆ.)

ಒಂದು ಸಂಜೆ ಫೋನ್ ಬಂತು. "ನನಗೇನೂ ಬೇಡ. ಬೆಕ್ಕಿನ ಆಹಾರ ಮುಗಿದಿದೆ." ತಂದು ಬಾಗಿಲಲ್ಲಿಟ್ಟೆ. ಮೂರು ದಿನ ಬಿಟ್ಟು ಮತ್ತೆ ಬೆಕ್ಕಿಗೆ, ಜೊತೆಗೆ ಹಾಲು. ಆಮೇಲೆ ಬೆಕ್ಕಿಗೆ ಬ್ರೆಡ್ಡು. ಹೋದ ವಾರ ಬೆಕ್ಕಿನ ಲೆಕ್ಕದಲ್ಲಿ ಟೀಪುಡಿ, ಒಂದು ಬಿಸ್ಕತ್ ಪ್ಯಾಕೆಟ್! ನಾನು ನಗಲಿಲ್ಲ. ಔಷಧಿ ಅಂಗಡಿಯವರು ಮೊದಲಿನ ಹಾಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಿಲ್ಲ, ಎಲ್ಲರಿಗೂ ಸಾಕಾಗಲಿ ಅಂತ ಒಂದೇ ತಿಂಗಳದ್ದು ಕೊಡುತ್ತಾರೆ. ಹಾಗಾಗಿ ಬಿಪಿ ಮಾತ್ರೆಗೂ ಚೀಟಿ ಬಂತು, ಅದಕ್ಕೆ ಮಾತ್ರ ಬೆಕ್ಕಿನ ಹೆಸರು ಹೇಳಲು ಅವರಿಗೆ ಆಗಲಿಲ್ಲ ಪಾಪ. ದುಡ್ಡು ಕವರಿನಲ್ಲಿ ಹಾಕಿ ಇಡುತ್ತಾರೆ, ಹತ್ತು ಸೆಂಟೂ ಆಚೀಚೆ ಇಲ್ಲ. ನಿನ್ನೆ ನಮ್ಮ ಬಾಗಿಲಲ್ಲಿ ಒಂದು ಚೀಲ ಫೀಜೋವಾ ಇತ್ತು. ಸೀಬೆಯ ದಾಯಾದಿ ಅನ್ನಿ, ಹಸಿರು ಮೊಟ್ಟೆಯ ಥರ ಇರುತ್ತದೆ, ಅರ್ಧ ಮಾಡಿ ಚಮಚದಲ್ಲಿ ತೋಡಿ ತಿನ್ನುವುದು. ಅವರ ಹಿತ್ತಿಲದ್ದೇ.

ಅಪ್ಪ, ಪುಟ್ಟಿ ಎಲ್ಲ ಹೇಳಿದ್ದಾಳೆ. ದಿನಾ ಬೆಳಿಗ್ಗೆ ಹಾಲಿಗೆ ನೀವೇ ಹೋಗುತ್ತೀರಂತೆ, ಶುಗರ್ ಮಾತ್ರೆಗೂ ನೀವೇ. ಎದುರು ಮನೆ ಹುಡುಗ ಬಂದು "ಅಂಕಲ್, ನಾನು ತಂದುಕೊಡ್ತೀನಿ" ಅಂದರೆ "ನನಗೇನಾಗಿದೆ" ಅಂತ ಕಳಿಸಿದಿರಂತೆ. ಆಶಾ ಕಾರ್ಯಕರ್ತೆ ಬಂದು ಮನೆಯಲ್ಲಿ ಕೆಮ್ಮು ಜ್ವರ ಇದೆಯಾ ಅಂತ ಕೇಳಿದರೆ ಬಾಗಿಲಲ್ಲೇ ಮುಖ ಗಂಟು ಹಾಕಿಕೊಂಡಿರಂತೆ. ಆಕೆ ಬಿಸಿಲಲ್ಲಿ ಮನೆಮನೆ ಸುತ್ತುವವಳು, ನನ್ನ ಮೂಗಿಗೆ ಕಡ್ಡಿ ಹಾಕಿದವರ ಥರವೇ. ಇದ್ದದ್ದು ಇದ್ದ ಹಾಗೆ ಹೇಳಿ, ನೆರಳಿಗೆ ಕರೆದು ಒಂದು ಲೋಟ ನೀರು ಕೊಡಿ.

ನಿಮಗೆ 67, ಜೊತೆಗೆ ಶುಗರ್. ನಾಳೆಯಿಂದ ಚೀಟಿ ಬರೆದು ಆ ಹುಡುಗನ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ನಿಜ, ಅಮ್ಮನಿಗೆ ಬೇಕು ಅಂತ ಹೇಳಿ. ಅಮ್ಮ ಏನೂ ಅಂದುಕೊಳ್ಳುವುದಿಲ್ಲ.

ನಿನ್ನೆ ಹೇಳಿದರು, ಈಗಿನ ಪೂರ್ತಿ ಲಾಕ್‌ಡೌನ್, ಅಂದರೆ ಲೆವೆಲ್ 4, ಇದೇ 27ರ ರಾತ್ರಿ 11:59ರ ತನಕ, ಆಮೇಲೆ ಸ್ವಲ್ಪ ಸಡಿಲವಾದ ಲೆವೆಲ್ 3. ಆಗ ಒಂಟಿಯಾಗಿರುವವರನ್ನು ನಮ್ಮ ಗುಳ್ಳೆಗೆ ಸೇರಿಸಿಕೊಳ್ಳಬಹುದು. ತಾತನನ್ನು ಸೇರಿಸಿಕೊಳ್ಳೋಣ ಅಂತ ಚಿಲಿಯವಳ ಆಸೆ. ನಾನು ಬೇಡ ಅಂದೆ. ನಾನು ದಿನಕ್ಕೆ ನೂರಾರು ಜನರ ಮುಂದೆ ಕೂರುವವಳು, ಇನ್ನೊಬ್ಬಳು ವೃದ್ಧಾಶ್ರಮಕ್ಕೆ ಹೋಗುವವಳು. ಸದ್ಯಕ್ಕೆ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಟೀ ಕುಡಿಯುವುದು ಅಂತ ತೀರ್ಮಾನವಾಗಿದೆ.

ಬರುವ ಶನಿವಾರ ಆನ್‌ಜ್ಯಾಕ್ ದಿನ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಪ್ರತಿ ವರ್ಷ ಜನ ನಸುಕಿನಲ್ಲಿ ಒಂದು ಕಡೆ ಸೇರುತ್ತಿದ್ದರು, ಈ ಸಲ ಬೆಳಿಗ್ಗೆ ಆರಕ್ಕೆ ಅವರವರ ಗೇಟಿನಲ್ಲೇ ನಿಲ್ಲಬೇಕು. ತಾತ ಅಷ್ಟು ಹೊತ್ತಿಗೆ 52 ಮೆಟ್ಟಿಲು ಇಳಿದೇ ಇಳಿಯುತ್ತೇನೆ ಅಂದಿದ್ದಾರೆ, ನಾನು ಎರಡು ಮೀಟರ್ ಹಿಂದೆ ಟಾರ್ಚ್ ಹಿಡಿದು ಬರುತ್ತೇನೆ. ನಿಮಗೆ ಆಗ ಶುಕ್ರವಾರ ರಾತ್ರಿ ಹನ್ನೊಂದೂವರೆ. ಅಪ್ಪನಿಗೆ ಹೇಗೂ ನಿದ್ದೆ ಬಂದಿರುವುದಿಲ್ಲ, ವೀಡಿಯೊ ಕಾಲ್ ಮಾಡುತ್ತೇನೆ, ಎತ್ತಿ. ಚೀಟಿ ಕೊಟ್ಟಿರೋ ಇಲ್ಲವೋ ಅಂತ ಆಗಲೇ ಕೇಳುವುದು.

ಇತಿ,
ನಿಮ್ಮ ದೊಡ್ಡ ಮಗಳು