ಗಾರ್ಡ್ ಸಾಹೇಬರಿಗೆ ಡ್ರೈವರ್ ಬರೆಯುವುದೇನೆಂದರೆ

ಗಾರ್ಡ್ ಸಾಹೇಬರೇ,

ಹಸಿರು ಬಾವುಟ ಕಾಣುವ ಮೊದಲೇ ಗಾಡಿ ಬಿಟ್ಟಿದ್ದೇನೆ, ಮಾಫಿ ಇರಲಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಇಲ್ಲಿ ನಾಲ್ಕು ಜನ ನೋಡುತ್ತಿರುತ್ತಾರೆ, ಬೈಯುವುದಾದರೂ ಸ್ವಲ್ಪ ನಾಜೂಕಾಗಿ ಬೈಯುತ್ತೀಯ. (ಉಳಿದವರೂ ಬನ್ನಿ, ಕೂತ್ಕೊಳ್ಳಿ. ಬೋಂಡಾ ವಿಷಯ ಮಾತ್ರ ಕೇಳಬೇಡಿ.)

ವಿಷಯ ಏನಪ್ಪಾ ಅಂದರೆ, ನಿನ್ನ ಇಂಜಿನ್ನು ಈಗ ಕ್ರೇನ್ ಆಗಿದೆ.

ಹೌದು, ಅದೇ. ನಿನ್ನ ಸೋದರಮಾವ ಇಂಗ್ಲೆಂಡಿನಿಂದ ತಂದಿದ್ದ ಆರು ಚಕ್ರದ ಹಸಿರು ಆಟದ ಇಂಜಿನ್. ಚಡ್ಡಿ ಜೇಬಿನಲ್ಲಿಟ್ಟುಕೊಂಡು ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಮ್ಮಿಗೆ ಹೋಗಿ, ಅಲ್ಲಿನ ದೊಡ್ಡ ಇಂಜಿನ್ನಿನ ಪಕ್ಕ ಹಿಡಿದು 'ನೋಡು, ನಿಮ್ಮಮ್ಮ' ಅಂತ ತೋರಿಸುತ್ತಿದ್ದೆವಲ್ಲ, ಅದು. ಊರು ಬಿಡುವಾಗ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟೆ. 'ಆಗಾಗ ಓಡಿಸ್ತಾ ಇರು, ಇಲ್ಲಾಂದ್ರೆ ಹಿಡ್ಕೊಂಡುಬಿಡುತ್ತೆ' ಅಂದೆ. ನಾನು ಓಡಿಸಲಿಲ್ಲ. ಹಿಡಿದುಕೊಂಡಿತು.

ಕ್ರೇನ್ ಅಂದ ತಕ್ಷಣ ಗಾಬರಿಯಾಗಬೇಡ. ಇದಕ್ಕೊಂದು ಮನೆತನ ಇದೆ. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಡಾಕ್ಸ್‌ಫರ್ಡ್ ಅಂತ ಹಡಗು ಕಟ್ಟುವ ಕಂಪನಿ ಇತ್ತು. ಅವರ ಪ್ಯಾಲಿಯನ್ ಯಾರ್ಡಿನಲ್ಲಿ ಉಗಿ ಇಂಜಿನ್ನಿನ ಮೈಮೇಲೆಯೇ ಕ್ರೇನ್ ಕೂರಿಸಿದ್ದರು. ಕಬ್ಬಿಣವನ್ನು ಅದೇ ಎತ್ತಬೇಕು, ಅದೇ ಹೊತ್ತುಕೊಂಡು ಹೋಗಬೇಕು, ಅದೇ ಇಳಿಸಬೇಕು. 1971ರವರೆಗೂ ದುಡಿದವು. ಅವು ನಾಲ್ಕು ಚಕ್ರದವು, ನಿನ್ನದು ಆರು. ತಿಳಿದವರು ನಗಲಿ ಬಿಡು.

ಲೆಕ್ಕ ಕೇಳು, ನಿನಗೆ ಲೆಕ್ಕ ಇಷ್ಟ. ಈ ಇಂಜಿನ್ನಿನ ಅಳತೆ ನಿಜವಾದದ್ದರ 76ಕ್ಕೆ ಒಂದು. ಹಾಗಂತ ತೂಕವನ್ನೂ 76ರಿಂದ ಭಾಗಿಸಿದರೆ ಕೆಟ್ಟೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿರುತ್ತವಲ್ಲ, ಮೂರು ಸಲ ಭಾಗಿಸಬೇಕು. ನಾಲ್ಕು ಟನ್ ಎತ್ತುವ ಕ್ರೇನಿನ ಪಾಲಿಗೆ ನನ್ನ ಮೇಜಿನ ಮೇಲೆ ಬರುವುದು ಬರೀ 9 ಗ್ರಾಂ. ಹಳೇ ದಪ್ಪ ಐದು ರೂಪಾಯಿ ನಾಣ್ಯ ಇತ್ತಲ್ಲ? ಅದರ ತೂಕ ಸರಿಯಾಗಿ 9 ಗ್ರಾಂ! ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಾಮಾನೆಲ್ಲ ನನ್ನ ಹಳೇ ರಿಪೇರಿ ಅಂಗಡಿಯದೇ. ಕ್ರೇನಿನ ತೋಳು ಟ್ರಾನ್ಸಿಸ್ಟರಿನ ಏರಿಯಲ್. ಹಗ್ಗದ ಬದಲು ರೇಡಿಯೋದಲ್ಲಿ ಮುಳ್ಳು ಓಡಿಸುವ ದಾರ, ಅದರದೇ ಪುಟ್ಟ ರಾಟೆ. ಕೊಕ್ಕೆ ಯಾವುದರದು ಅಂತ ನನ್ನ ಹೆಂಡತಿಗೆ ಇನ್ನೂ ಗೊತ್ತಿಲ್ಲ, ಒಂದು ಕಿವಿಯ ಓಲೆ ಹುಡುಕುತ್ತಿದ್ದಾಳೆ. ಮೊದಲ ನಾಣ್ಯ ಚೆನ್ನಾಗಿ ಎತ್ತಿತು. ಎರಡು ನಾಣ್ಯ ಕಟ್ಟಿ ತೋಳನ್ನು ಪಕ್ಕಕ್ಕೆ ತಿರುಗಿಸಿದೆ, ದಬ್ ಅಂತ ಮಗುಚಿತು. ತಪ್ಪು ಅದರದ್ದಲ್ಲ. ಎರಡು ಹಳಿಗಳ ನಡುವೆ ಇರುವುದೇ 16.5 ಮಿಲಿಮೀಟರ್. ನಡುವಿನಿಂದ ಹಳಿಗೆ ಎಂಟು ಮಿಲಿಮೀಟರ್, ತೋಳು ಹೊರಗೆ ಚಾಚಿದ್ದು ಏಳು ಸೆಂಟಿಮೀಟರ್. ಏತದ ಲೆಕ್ಕ ಅಷ್ಟೇ. ಟೈರ್ ಅಂಗಡಿಗೆ ಹೋಗಿ ಚಕ್ರದ ಬ್ಯಾಲೆನ್ಸಿಗೆ ಹೊಡೆಯುವ ಸೀಸದ ತುಂಡು ಕೇಳಿದೆ. 'ಯಾವ ಗಾಡಿಗೆ ಸಾರ್?' ಅಂದ ಹುಡುಗ. ಜೇಬಿನಿಂದ ತೆಗೆದು ತೋರಿಸಿದೆ. ದುಡ್ಡು ತಗೊಳ್ಳಲಿಲ್ಲ. ಪಾಪ ಅನ್ನಿಸಿರಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ಪತ್ರ ಚೆನ್ನಾಗಿರುತ್ತಿತ್ತು, ಅಲ್ವಾ?

ಸಂಡರ್‌ಲ್ಯಾಂಡ್ ಅಂತ ಕೊಚ್ಚಿಕೊಂಡೆನಲ್ಲ, ಅದೆಲ್ಲ ಆಮೇಲೆ ಹೊಳೆದದ್ದು. ಶುರುವಿನಲ್ಲಿ ಯಾವ ಯೋಚನೆಯೂ ಇರಲಿಲ್ಲ. ಇಂಜಿನ್ ಸತ್ತಿದೆ, ಕೊಯ್ದು ಏನೋ ಒಂದು ಮಾಡೋಣ ಅಂತ ಕೂತೆ. ಶಿವರಾಂಪೇಟೆಯಲ್ಲಿ 27 ವರ್ಷ ರಿಪೇರಿ ಅಂಗಡಿ ಇಟ್ಟವನು ನಾನು. 'ಮೊದಲು ಮೀಟರ್ ಇಡು, ಆಮೇಲೆ ಸ್ಕ್ರೂಗೆ ಕೈ ಹಾಕು' ಅಂತ ಎಷ್ಟು ಹುಡುಗರಿಗೆ ಬೈದಿಲ್ಲ! ನಿನ್ನ ಇಂಜಿನ್ನಿಗೆ ಮೀಟರ್ ಇಟ್ಟು ಎಲ್ಲಿ ಕೆಟ್ಟಿದೆ ಅಂತ ನೋಡಲೇ ಇಲ್ಲ. ಸೀದಾ ಗರಗಸ. ಚಿಮಣಿ ಹೋಯಿತು, ನೀರಿನ ಟ್ಯಾಂಕಿನ ತಲೆ ಹೋಯಿತು. ಮೋಟರು ಕಿತ್ತು ಡ್ರಾಯರಿಗೆ ಎಸೆದೆ.

ಎರಡು ದಿನ ಬಿಟ್ಟು, ಕೈ ಸುಮ್ಮನಿರದೆ ಆ ಮೋಟರನ್ನು ಪೆಟ್ರೋಲಿನಲ್ಲಿ ಒರೆಸಿದೆ. ಮೋಟರಿಗೆ ಕರೆಂಟು ಹತ್ತಿಸುವ ಕಮ್ಯುಟೇಟರಿನ ಮೇಲೆ ಕಾರ್ಬನ್ ಮಸಿ, ಗೇರಿನ ಹಲ್ಲುಗಳ ಸಂದಿಯಲ್ಲಿ ಮೇಣದಂತೆ ಗಟ್ಟಿಯಾದ ಗ್ರೀಸು. ಅಷ್ಟೇ ಇದ್ದದ್ದು. 12 ವೋಲ್ಟ್ ಮುಟ್ಟಿಸಿದೆ. ತಿರುಗಿತು ಕಣೋ. ಮ್ಯೂಸಿಯಮ್ಮಿನ ಬೆಂಚಿನ ಮೇಲೆ ನಾವು ಕೇಳುತ್ತಿದ್ದ ಅದೇ ಸದ್ದು.

ಇನ್ನೂ ಒಂದಿದೆ. ಕೊಯ್ಯುವಾಗ ನನಗೆ ಖುಷಿಯಾಗಿತ್ತು.

ಅಂಗಡಿ ಬಾಗಿಲು ಹಾಕಿದ ರಾತ್ರಿ ನಿನಗೊಂದು ಉದ್ದ ಮೆಸೇಜ್ ಹಾಕಿದ್ದೆ. ಬೋರ್ಡು ಇಳಿಸಿದ್ದು, ಗುಜರಿಯವನು ಟಿವಿಗಳನ್ನು ಕೆಜಿ ಲೆಕ್ಕದಲ್ಲಿ ತೂಗಿದ್ದು, ನಾನು ತಕ್ಕಡಿ ಮುಳ್ಳನ್ನೇ ನೋಡುತ್ತಾ ನಿಂತಿದ್ದು, ಎಲ್ಲ. ನೀನು ಕೈಮುಗಿದ ಗೊಂಬೆ ಕಳಿಸಿದೆ. ಒಂದೇ ಒಂದು. ಅದರ ಅರ್ಥ ಏನಿರಬಹುದು ಅಂತ ಹೆಂಡತಿಯನ್ನು ಕೇಳಿದೆ. 'ನಮಸ್ಕಾರ ಅಂತ' ಅಂದಳು. ಎರಡು ವರ್ಷ ನಾನೂ ಫೋನ್ ಮಾಡಲಿಲ್ಲ. ಚಿಮಣಿಗೆ ಗರಗಸ ಇಟ್ಟಾಗ ಕಣ್ಣ ಮುಂದೆ ಇದ್ದದ್ದು ಆ ಎರಡು ಹಳದಿ ಕೈ. ನೀನು ಆಸ್ಪತ್ರೆಯಲ್ಲಿದ್ದೆಯೋ, ಕೆಲಸ ಹೋಗಿತ್ತೋ, ಮೀಟಿಂಗಿನಲ್ಲಿದ್ದೆಯೋ, ನಾನು ಕೇಳಿಲ್ಲ. ಅಲ್ಲಿಗೂ ಮೀಟರ್ ಇಟ್ಟಿರಲಿಲ್ಲ.

ಸಾಕು ಬಿಡು. ಪೆಟ್ರೋಲ್ ವಾಸನೆ ತಲೆಗೆ ಏರಿದೆ. ಇದನ್ನು ಓದಿ ಯಾರಾದರೂ ಕೈಮುಗಿದ ಗೊಂಬೆ ಹಾಕಿದಿರೋ, ನಿಮ್ಮ ಮನೆ ಮಿಕ್ಸಿ ಕೆಟ್ಟಾಗ ನನ್ನ ಹತ್ತಿರ ಬರಬೇಡಿ.

ಮೋಟರು ಮತ್ತೆ ಒಳಗೆ ಕೂತಿದೆ. ಓಡುವ ಇಂಜಿನ್ ಅಂದಮೇಲೆ ಚಿಮಣಿ ಬೇಕಲ್ಲ, ಕಸದ ಬುಟ್ಟಿಯಲ್ಲಿ ಹುಡುಕಿ ಅಂಟಿಸಿದ್ದೇನೆ. ಸ್ವಲ್ಪ ಎಡಕ್ಕೆ ವಾಲಿದೆ, ಬೋಂಡಾ ತಿಂದ ದಿನ ನೀನು ಸ್ಟೇಷನ್ನಿನಲ್ಲಿ ನಿಂತಿದ್ದ ಹಾಗೆ. ನಿನ್ನ ಬಾಕಿ ಐದು ರೂಪಾಯಿ ಕೊಕ್ಕೆಯಲ್ಲಿ ನೇತಾಡುತ್ತಿದೆ. ಬಂದು ಬಿಡಿಸಿಕೊಂಡು ಹೋಗು.

ಇತಿ,
ಡ್ರೈವರ್