ಕ್ಲಸ್ಟರ್‌ಗೊಬ್ಬರು ಶಾಲಾ ನರ್ಸ್ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆಯುಷ್ ವೈದ್ಯರು, ನರ್ಸ್ ಮತ್ತು ಫಾರ್ಮಸಿಸ್ಟ್ ಇರುವ ಸಂಚಾರಿ ತಂಡವು ಶಾಲೆಗೇ ಬಂದು, ಹುಟ್ಟಿನಿಂದ ಬಂದ ನ್ಯೂನತೆ, ಪೌಷ್ಟಿಕಾಂಶಗಳ ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯಲ್ಲಿನ ಹಿನ್ನಡೆಗಳನ್ನು ಗುರುತಿಸಿ, ಅಗತ್ಯವಿರುವ ಮಕ್ಕಳನ್ನು ಉಚಿತ ಚಿಕಿತ್ಸೆಗೆ ಕಳುಹಿಸುತ್ತದೆ. ಸೇವಾವಧಿಯನ್ನೆಲ್ಲ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಕಳೆದ ನಾನು ಈ ಕಾರ್ಯಕ್ರಮವನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ತಂಡದ ವಾಹನ ಶಾಲೆಯ ಗೇಟು ದಾಟಿದ ಮೇಲೆ ಆ ಮಗುವಿನ ಹೊಣೆ ಯಾರದು ಎಂಬ ಪ್ರಶ್ನೆಗೆ ಇಂದಿಗೂ ಸರಿಯಾದ ಉತ್ತರ ಸಿಕ್ಕಿಲ್ಲ.

ಕಿವಿ ಸೋರುವ ಮಗುವನ್ನೇ ತೆಗೆದುಕೊಳ್ಳಿ. ತಪಾಸಣೆಯಲ್ಲಿ ಗೊತ್ತಾಗುತ್ತದೆ, ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಕೂಲಿಗೆ ಹೋಗುವ ತಾಯಿ ಒಂದು ದಿನದ ದುಡಿಮೆ ಬಿಟ್ಟು ಅಲ್ಲಿಗೆ ಹೋದರೆ, ಕಿವಿ ಮೂಗು ಗಂಟಲಿನ ಡಾಕ್ಟರು ಇವತ್ತು ಇಲ್ಲ ಎಂಬ ಮಾತು ಕೇಳಿ ಹಿಂದಿರುಗಬೇಕಾಗುತ್ತದೆ. ಎರಡನೆಯ ಸಲ ಹೋಗುವಷ್ಟು ಶಕ್ತಿ ಎಲ್ಲರಿಗೂ ಇರುವುದಿಲ್ಲ. ದೊಡ್ಡವರಾದಂತೆ ತಾನೇ ನಿಲ್ಲುತ್ತದೆ ಎಂದು ಮನೆಯಲ್ಲಿ ಹಿರಿಯರು ಸಮಾಧಾನ ಹೇಳುತ್ತಾರೆ. ಪಾಠ ಸರಿಯಾಗಿ ಕೇಳಿಸದ ಮಗುವಿಗೆ ತರಗತಿಯಲ್ಲಿ ದಡ್ಡ ಎಂಬ ಹೆಸರು ಅಂಟುತ್ತದೆ, ಮರುವರ್ಷ ಬಂದ ತಂಡ ಅದೇ ತೊಂದರೆಯನ್ನು ಮತ್ತೆ ಬರೆದುಕೊಳ್ಳುತ್ತದೆ. ವೈದ್ಯರು ಯಾವ ದಿನ ಸಿಗುತ್ತಾರೆಂದು ತಿಳಿದುಕೊಂಡು, ಮನೆಗೆ ಹೋಗಿ, ಕಿವಿಯನ್ನು ಹತ್ತಿಯ ಬತ್ತಿಯಿಂದ ಒಣಗಿಸುವ ಕ್ರಮವನ್ನು ತಾಯಿಗೆ ತೋರಿಸಿಕೊಟ್ಟು, ಸೋರುವುದು ನಿಂತಿತೇ ಎಂದು ಮತ್ತೆ ನೋಡುವ ಒಬ್ಬ ನರ್ಸ್ ಇದ್ದರೆ ಇಷ್ಟಾಗುವುದಿಲ್ಲ.

ಕಬ್ಬಿಣಾಂಶದ ಮಾತ್ರೆಗಳ ಕಥೆಯೂ ಇಂಥದ್ದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದನ್ನು ತಡೆಯಲೆಂದೇ ಪ್ರೌಢಶಾಲೆಯ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡಲಾಗುತ್ತದೆ. ಒಬ್ಬ ಹುಡುಗಿಗೆ ವಾಂತಿಯಾದರೆ ಸಾಕು, ಮುಂದಿನ ವಾರ ಇಡೀ ತರಗತಿಯೇ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ. ಬಿಸಿಯೂಟ ಆದ ಮೇಲೆ ನುಂಗಬೇಕು, ಮಲ ಕಪ್ಪಾದರೆ ಹೆದರಬೇಕಿಲ್ಲ, ಮಾತ್ರೆಯ ಜೊತೆಗೆ ಚಹಾ ಕುಡಿಯಬಾರದು ಎಂಬ ಸಣ್ಣ ಸಣ್ಣ ಮಾತುಗಳನ್ನು ಮಕ್ಕಳಿಗೂ ತಾಯಂದಿರಿಗೂ ನಂಬಿಕೆ ಬರುವಂತೆ ಹೇಳುವುದು ಪರಿಚಯದವರಿಗೆ ಮಾತ್ರ ಸಾಧ್ಯ. ಮುಟ್ಟಿನ ದಿನಗಳಲ್ಲಿ ಅತಿಯಾಗಿ ರಕ್ತ ಹೋಗುವುದನ್ನು ಹುಡುಗಿಯರು ಮೇಷ್ಟ್ರಿಗೆ ಹೇಳಲಾರರು, ಕೆಲವರು ತಾಯಿಗೂ ಹೇಳುವುದಿಲ್ಲ. ಸಿಸ್ಟರ್ ಹತ್ತಿರ ಹೇಳುತ್ತಾರೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿದೆ ಎಂಬ ಸುದ್ದಿಯನ್ನು ಹತ್ತನೇ ತರಗತಿಯ ಹುಡುಗಿಯ ಬಾಯಿಂದ ಮೊದಲು ಕೇಳುವವರೂ ಅನೇಕ ಸಲ ಅವರೇ.

ಹಳ್ಳಿಗಳ ಆರೋಗ್ಯ ಉಪಕೇಂದ್ರದ ನರ್ಸ್ ಇದ್ದಾರಲ್ಲ ಎಂದು ಕೇಳಬಹುದು. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೊಂದು ಉಪಕೇಂದ್ರ ಎಂಬುದು ಮಾನದಂಡ. ಗರ್ಭಿಣಿಯರು, ಬಾಣಂತಿಯರು, ಲಸಿಕೆ, ಸಮೀಕ್ಷೆ, ಅದರ ಮೇಲೆ ಆನ್‌ಲೈನ್ ದಾಖಲಾತಿ ಎಲ್ಲವನ್ನೂ ಹೊತ್ತಿರುವ ಆ ಸಹೋದರಿಯರ ಮೇಲೆ ಇನ್ನೊಂದು ಭಾರ ಹೊರಿಸುವುದು ನ್ಯಾಯವಲ್ಲ. 2020ರಿಂದ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಮಾಡುವ ಯೋಜನೆಯೂ ಇದೆ. ಅವರು ಆರೋಗ್ಯದ ಪಾಠ ಹೇಳಬಲ್ಲರು, ಶುಶ್ರೂಷೆ ಅವರ ಕೆಲಸವಲ್ಲ. ನವೋದಯ ವಿದ್ಯಾಲಯಗಳಲ್ಲಿ ಸ್ಟಾಫ್ ನರ್ಸ್ ಹುದ್ದೆ ಇದೆ. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಹತ್ತಿರದಲ್ಲಿ ಯಾರೂ ಇಲ್ಲ.

1902ರಲ್ಲಿ ನ್ಯೂಯಾರ್ಕ್ ನಗರ ಕಂಡಿದ್ದೂ ಇದೇ ಸಮಸ್ಯೆಯನ್ನು. ಅಲ್ಲಿನ ವೈದ್ಯರು ಶಾಲೆಗೆ ಬಂದು ಕಣ್ಣಿನ ಸೋಂಕು, ಚರ್ಮರೋಗ, ಹೇನು ಇರುವ ಮಕ್ಕಳನ್ನು ಮನೆಗೆ ಕಳುಹಿಸುತ್ತಿದ್ದರು, ಚಿಕಿತ್ಸೆಯಿಲ್ಲದೆ ಆ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಬಡವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವ ಸೇವೆಯನ್ನು ಅಲ್ಲಿ ಕಟ್ಟಿದ್ದ ನರ್ಸ್ ಲಿಲಿಯನ್ ವಾಲ್ಡ್ ಅವರ ಒತ್ತಾಸೆಯಿಂದ ಲೀನಾ ರೋಜರ್ಸ್ ಎಂಬ ನರ್ಸ್‌ಗೆ ಪ್ರಾಯೋಗಿಕವಾಗಿ ನಾಲ್ಕು ಶಾಲೆಗಳನ್ನು ವಹಿಸಲಾಯಿತು. ಅವರು ಶಾಲೆಯಲ್ಲೇ ಮದ್ದು ಹಚ್ಚಿದರು, ಮನೆಗಳಿಗೂ ಹೋದರು. ಗೈರುಹಾಜರಿ ಎಷ್ಟು ಇಳಿಯಿತೆಂದರೆ ನಗರಾಡಳಿತ ಬೇಗನೆ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು.

ನಮ್ಮಲ್ಲಿ ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ತರಬೇತಿ ಮುಗಿಸಿ ಸೇರಿದವರು ಬಹುಕಾಲದ ನಂತರ ಆರು ತಿಂಗಳ ತರಬೇತಿ ಪಡೆದು ಹಿರಿಯ ಆರೋಗ್ಯ ಸಹಾಯಕಿಯಾಗುತ್ತಾರೆ, ಆಮೇಲೆ ಅವರ ಹೆಚ್ಚಿನ ಸಮಯ ಇತರರ ರಿಜಿಸ್ಟರ್ ಪರಿಶೀಲಿಸುವುದರಲ್ಲೇ ಹೋಗುತ್ತದೆ. ಊರೂರಿನ ಮನೆಗಳನ್ನು ಬಲ್ಲ ಇವರ ಅನುಭವಕ್ಕೆ ಶಾಲಾ ಆರೋಗ್ಯಕ್ಕಿಂತ ಯೋಗ್ಯವಾದ ಕ್ಷೇತ್ರ ನನಗೆ ಕಾಣುವುದಿಲ್ಲ. ಆದ್ದರಿಂದ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಸೇರಿ ಪ್ರತಿ ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಪ್ರತಿ ಗುಂಪಿಗೆ, ಒಂದು ಶಾಲಾ ನರ್ಸ್ ಹುದ್ದೆ ಸೃಷ್ಟಿಸಿ, ಅದರಲ್ಲಿ ಒಂದು ಪಾಲನ್ನು ಅನುಭವಿ ಕ್ಷೇತ್ರ ನರ್ಸ್‌ಗಳಿಗೆ ಬಡ್ತಿಯ ಮೂಲಕ ಮೀಸಲಿಡಬೇಕು. ತಪಾಸಣೆಯಲ್ಲಿ ಗುರುತಿಸಿದ ಮಕ್ಕಳ ಪಟ್ಟಿ ಆ ನರ್ಸ್ ಬಳಿಯಿದ್ದು, ಚಿಕಿತ್ಸೆ ಮುಗಿಯುವವರೆಗೆ ಯಾವ ಹೆಸರನ್ನೂ ಪಟ್ಟಿಯಿಂದ ತೆಗೆಯುವಂತಿರಬಾರದು. ಓಡಾಟಕ್ಕೆ ಪ್ರಯಾಣ ಭತ್ಯೆ, ಹುಡುಗಿಯರು ಅಂಜಿಕೆಯಿಲ್ಲದೆ ಮಾತನಾಡಲು ಪ್ರತಿ ಶಾಲೆಯಲ್ಲಿ ಬಾಗಿಲಿರುವ ಒಂದು ಚಿಕ್ಕ ಕೋಣೆ, ಇಷ್ಟನ್ನು ಮುಂದಿನ ಬಜೆಟ್‌ನಲ್ಲಿ ಒಂದೆರಡು ಹಿಂದುಳಿದ ತಾಲ್ಲೂಕುಗಳಿಗಾದರೂ ಒದಗಿಸಬೇಕೆಂದು ಸರ್ಕಾರವನ್ನು ಕೋರುತ್ತೇನೆ.

– ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ, ತುಮಕೂರು ಜಿಲ್ಲೆ